ಗೇರ್ ಆಯಿಲ್ ಬದಲಿಸುವುದು ಯಾವಾಗ?

"ಡ್ರೈವರ್ ಮಗ ಬಿ.ಎ. ಪಾಸಾಗೋದೂ ಒಂದೇ, ಕಾಗೆ ಬೆಳ್ಳಗಾಗೋದೂ ಒಂದೇ" ಎಂದಿದ್ದವರು ಅಪ್ಪ ಓಡಿಸುತ್ತಿದ್ದ ಹಳೇ ಪಿಕಪ್ಪಿನ ಯಜಮಾನರು. ಹಳ್ಳ ದಾಟುವಾಗ ನೀರು ಹೊಕ್ಕು ಗೇರ್ ಆಯಿಲ್ ಹಾಲು ಹಾಕಿದ ಕಾಫಿಯಂತಾಗಿದೆ, ಬದಲಿಸಿ ಎಂದು ಅಪ್ಪ ಅಂಗಲಾಚಿದರೂ ಅವರು ಕೇಳಲಿಲ್ಲ. ಮೇಗರವಳ್ಳಿಯಲ್ಲಿ ಗೇರಿನ ಹಲ್ಲು ಮುರಿದಾಗ ತಪ್ಪೆಲ್ಲ ಅಪ್ಪನದಾಯಿತು, ಕೆಲಸವೂ ಹೋಯಿತು.

ನಾನು ಪದವಿ ಪತ್ರ ಹಿಡಿದು ತೀರ್ಥಹಳ್ಳಿಯಲ್ಲಿ ಬಸ್ಸಿಳಿದ ದಿನ ಅದೇ ಯಜಮಾನರು ಎದುರಾದರು. ನನ್ನನ್ನು ಕರೆದೊಯ್ಯಲು ಬಂದಿದ್ದ ಅಪ್ಪನ ಕಡೆ ತಿರುಗಿಯೂ ನೋಡದೆ ನನ್ನನ್ನು ಕೇಳಿದರು: "ಓದಿದೋರು ನೀವು. ಇನ್ನೊಂದು ಹಳೇ ಗಾಡಿ ತಗೊಂಡಿದೀನಿ. ಗೇರ್ ಆಯಿಲ್ ಯಾವಾಗ ಬದಲಾಯಿಸ್ಬೇಕು?"

ನಾನು ಓದಿದ್ದು ಚರಿತ್ರೆ! ಮೈಯೆಲ್ಲ ಉರಿಯಿತು. ಪದವಿ ಪತ್ರವನ್ನು ಅಪ್ಪನ ಕೈಗಿಟ್ಟೆ.

"ನೀರು ಹೊಕ್ಕ ದಿನವೇ ಅಂತ ಹೇಳ್ಬಿಡೋ ಮಗಾ" ಎಂದರು ಅಪ್ಪ. "ನೀ ಹೇಳಿದ್ರೆ ಕೇಳ್ತಾರೆ."