ಗೋಳಗುಮ್ಮಟದಲ್ಲಿ ಅಬ್ಬಾನ ಪಿಸುಮಾತು

ನಮ್ಮೂರು ಬಟವಾಡಿಯಲ್ಲಿ ಅಬ್ಬಾನ ಹಾಸಿಗೆ ಅಂಗಡಿ ಇತ್ತು. ದಿಂಬಿಗೆ ಹತ್ತಿ ತುಂಬಿಸಿಕೊಳ್ಳಲು ಬಂದವರಿಗೆಲ್ಲ ಅವರು ಬಿಜಾಪುರದ ಗೋಳಗುಮ್ಮಟದ ಸುದ್ದಿ ಹೇಳುತ್ತಿದ್ದರು. "ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಆ ಕಡೆ ಇರೋರ್ಗೆ ಕಿವೀಲೇ ಹೇಳ್ದಂಗೆ ಕೇಳ್ತದೆ ಸ್ವಾಮಿ." ಅವರು ಅದನ್ನು ಓದಿದ್ದು ಶಾಲೆಯ ಪುಸ್ತಕದಲ್ಲಿ, ಕಣ್ಣಾರೆ ನೋಡಿರಲಿಲ್ಲ. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅಂಗಡಿಗೆ ಬೀಗ ಹಾಕಿ ನನ್ನನ್ನೂ ಅಮ್ಮಿಯನ್ನೂ ಹೊರಡಿಸಿದರು.

ಅಮ್ಮಿಗೆ ಬೇಕಾಗಿದ್ದುದು ಅದೇ ಊರಿನ ಇನ್ನೊಂದು ಗೋರಿ, ಇಬ್ರಾಹಿಂ ರೋಜಾ. ಅದರ ಚಿತ್ರವಿದ್ದ ಕ್ಯಾಲೆಂಡರನ್ನು ತವರುಮನೆಯಲ್ಲಿ ವರ್ಷ ಕಳೆದರೂ ಗೋಡೆಯಿಂದ ಇಳಿಸಿರಲಿಲ್ಲವಂತೆ. ಅಬ್ಬಾ ಮೊದಲು ಗುಮ್ಮಟ, ಆಮೇಲೆ ಉಳಿದದ್ದು ಎಂದರು.

ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ದುಂಡು ಪಡಸಾಲೆ ಸೇರಿದರೆ, ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು ಒಟ್ಟಾಗಿ ಕೂ ಎಂದು ಕಿರುಚುತ್ತಿದ್ದರು. ಒಂದು ಕೂಗು ಅಡಗುವ ಮುಂಚೆ ಇನ್ನೊಂದು. ಪಕ್ಕದಲ್ಲೇ ನಿಂತ ಅಮ್ಮಿ ಏನು ಹೇಳುತ್ತಿದ್ದಾರೆಂದು ನನಗೆ ಕೇಳಿಸಲಿಲ್ಲ. ಅಬ್ಬಾ ಮೇಷ್ಟರ ಬಳಿ ಹೋಗಿ, ಸ್ವಲ್ಪ ಹೊತ್ತು ಮಕ್ಕಳನ್ನು ಸುಮ್ಮನಿರಿಸಲು ಸಾಧ್ಯವೇ ಎಂದು ವಿನಯದಿಂದಲೇ ಕೇಳಿದರು.

"ಕೂಗಾಕಂತನ ಬಂದಾವ್ರೀ ಹುಡುಗ್ರು," ಎಂದರು ಮೇಷ್ಟರು. "ಸುಮ್ನಿರ್ರಿ ಅಂದ್ರ ಹೆಂಗ್ರೀ?"

ಆ ಶಾಲೆ ಇಳಿಯಿತು, ಇನ್ನೊಂದು ಹತ್ತಿತು. ಮಧ್ಯಾಹ್ನ ಹುಲ್ಲಿನ ಮೇಲೆ ಕೂತು ಬನ್ನು ತಿಂದು, ಮತ್ತೆ ಹತ್ತಿದೆವು. ಆಗ ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯ ಹೆಸರು ಕೂಗಿ ಕೂಗಿ ಚಪ್ಪಾಳೆ ಹೊಡೆಯುತ್ತಿದ್ದ. ಸಂಜೆ ಕಾವಲುಗಾರ ಬಂದು ಎಲ್ಲರನ್ನೂ ಇಳಿಸಿದ. ಅರ್ಧಕ್ಕೇ ನಿಂತ ಕಟ್ಟಡ ಬಾರಾ ಕಮಾನು ದಾರಿಯಲ್ಲೇ ಇದ್ದರೂ ಅಬ್ಬಾ ಆ ಕಡೆ ತಿರುಗಿಯೂ ನೋಡಲಿಲ್ಲ. ಲಾಡ್ಜಿನಲ್ಲಿ ಅಮ್ಮಿ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಾ, ತಾನು ಮೆಟ್ಟಿಲು ಹತ್ತಿ ಇಳಿಯಲು ಇಷ್ಟು ದೂರ ಬಂದವಳಲ್ಲ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಗೇಟು ತೆಗೆಯುವ ಮೊದಲೇ ಅಬ್ಬಾ ನಮ್ಮನ್ನು ಅಲ್ಲಿ ನಿಲ್ಲಿಸಿದ್ದರು. ಮೇಲೆ ಪಾರಿವಾಳಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮನ್ನು ಒಂದು ಕಡೆ ಕೂರಿಸಿ ಅವರು ಸುತ್ತಿಕೊಂಡು ಎದುರಿಗೆ ಹೋದರು. ನಾನು ಗೋಡೆಗೆ ಕಿವಿಯಿಟ್ಟೆ. ಅವರ ದನಿ ನಿಜಕ್ಕೂ ಕಿವಿಯಲ್ಲೇ ಹೇಳಿದ ಹಾಗೆ ಬಂತು. ಅಮ್ಮಿ ಮನೆಯ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದಾಳಾ ಎಂದು ಉರ್ದುವಿನಲ್ಲಿ ಕೇಳುತ್ತಿದ್ದರು.

ಪಕ್ಕದಲ್ಲೇ ಕಿವಿಯಿಟ್ಟಿದ್ದ ಅಮ್ಮಿ ನನ್ನ ಮುಖ ನೋಡಿದರು. ಆಮೇಲೆ ಗೋಡೆಗೆ ಬಾಯಿಟ್ಟು ಹೇಳಿದರು: "ಹಾಕಿದೀನಿ. ನಾವು ರೋಜಾಕ್ಕೆ ಹೋಗ್ತಿದೀವಿ."

ನನ್ನ ಕೈ ಹಿಡಿದು ಇಳಿದೇಬಿಟ್ಟರು. ಮೆಟ್ಟಿಲ ಮೇಲೆ ಹೊಸ ಶಾಲೆಯೊಂದು ಎದುರಾಯಿತು.

ರೋಜಾದಲ್ಲಿ ಅಮ್ಮಿ ಬಿಸಿಲಿಗೆ ಬೆನ್ನು ಕೊಟ್ಟು, ಗೋಡೆಯ ಕಲ್ಲಿನ ಅಕ್ಷರಗಳನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಅಬ್ಬಾ ಟಾಂಗಾ ಮಾಡಿಕೊಂಡು ಬಂದರು. ಮುಖ ಬಿಗಿದುಕೊಂಡೇ, ಗುಮ್ಮಟದಲ್ಲಿ ತಮ್ಮ ಮಾತು ಸ್ಪಷ್ಟವಾಗಿ ಕೇಳಿಸಿತೋ ಇಲ್ಲವೋ ಎಂದು ವಿಚಾರಿಸಿದರು. ಅಮ್ಮಿ ಹೋಗಿ ಟಾಂಗಾ ಹತ್ತಿ, ದೊಡ್ಡ ಫಿರಂಗಿಯಿರುವ ಕೋಟೆಯ ಬುರುಜಿಗೆ ಹೊಡೆಯಲು ಗಾಡಿಯವನಿಗೆ ಹೇಳಿದರು.

ಆ ಬುರುಜನ್ನು ನಾವಿಬ್ಬರೇ ಹತ್ತಿದೆವು. ಅಬ್ಬಾ ಕಾಲು ನೀವಿಕೊಳ್ಳುತ್ತಾ ಟಾಂಗಾದಲ್ಲೇ ಕೂತರು.