ವ್ಲಾಸ್ತಾ ಅವರ ಹರಿದ ಬೂಟು

ಬೆಳಗಿನ ಆರು ಗಂಟೆ. ಪ್ರಾಗ್ ಕೋಟೆಯ ಕೆಳಗಿನ ಇಳಿಜಾರು ಓಣಿಯಲ್ಲಿ ನವೆಂಬರಿನ ಮಳೆ ಒಂದೇ ಸಮನೆ ಸುರಿಯುತ್ತಿದೆ. ಗಂಡ ಹೆಂಡತಿ ಒಂದೇ ಕೊಡೆಯಡಿ ಹೆಜ್ಜೆ ಎಣಿಸುವವರಂತೆ ಇಳಿದು ಬರುತ್ತಿದ್ದಾರೆ. ಇನ್ನೆರಡು ತಾಸಿಗೆ ಪ್ರವಾಸಿ ಜೋಡಿಗಳು ಕತ್ತು ಮೇಲೆತ್ತಿ ನಡೆಯುವ ದಾರಿ ಇದು. ಇವರಿಬ್ಬರ ಕಣ್ಣು ಮಾತ್ರ ನೆಲದ ಮೇಲೆ.

ಲುಬೋಶ್ ಕುಬಾಟ್ ಬೀದಿಗೆ ಕಲ್ಲು ಹಾಸುವವರು. ವಯಸ್ಸು ಅರವತ್ತಮೂರು. ಒಂಟಿ ಕಾಲಿನ ಸ್ಟೂಲಿನ ಮೇಲೆ ಕುಳಿತು ದಿನಕ್ಕೆ ಸಾವಿರದಷ್ಟು ಕಲ್ಲು ಕೂರಿಸುತ್ತಾರೆ. “ತೂಕಡಿಸಿದ್ರೆ ಸ್ಟೂಲೇ ಕೆಡವುತ್ತೆ. ಮೇಸ್ತ್ರಿ ಬೈಯೋದೇ ಬೇಡ,” ಎಂದು ನಗುತ್ತಾರೆ. ನಲವತ್ತಮೂರು ವರ್ಷದ ಈ ಕೆಲಸ ಎರಡೂ ಮಂಡಿಗಳನ್ನು ತಿಂದುಹಾಕಿದೆ.

ಪತ್ನಿ ವ್ಲಾಸ್ತಾ ಇದೇ ಓಣಿಗಳಲ್ಲಿ ಅಂಚೆ ಹಂಚಿ ನಿವೃತ್ತರಾದವರು. ಇವರ ಪರಿಚಯವಾಗಿದ್ದೂ ಮಳೆಯಲ್ಲೇ, ಜಗಳದಿಂದಲೇ. ಲುಬೋಶ್ ಹಾಸಿದ ಬೀದಿಯಲ್ಲಿ ನೀರು ನಿಂತು ಆಕೆಯ ಕಾಲು ಮುಳುಗಿತ್ತು. “ಬೀದಿ ಮಾಡಿದ್ದೀಯೋ, ಬಾತುಕೋಳಿಗೆ ಕೊಳ ತೋಡಿದ್ದೀಯೋ ಅಂತ ಕೇಳ್ದೆ. ಮಾರನೇ ದಿನ ನೋಡಿದ್ರೆ ಎಲ್ಲಾ ಕಿತ್ತು ಹೊಸದಾಗಿ ಹಾಕಿದ್ದ. ಇಂಥವನನ್ನ ಬಿಡಬಾರ್ದು ಅನ್ನಿಸ್ತು,” ಎನ್ನುತ್ತಾರೆ ವ್ಲಾಸ್ತಾ. ಅಂದಿನಿಂದ ಮೂವತ್ತನಾಲ್ಕು ವರ್ಷ, ಹೊಸ ಬೀದಿಗೆ ಮೊದಲ ಮಳೆ ಬಿದ್ದಾಗಲೆಲ್ಲ, ಎಲ್ಲಾದರೂ ನೀರು ನಿಲ್ಲುತ್ತದೆಯೇ ಎಂದು ಇಬ್ಬರೂ ನಡೆದು ನೋಡುತ್ತಾರೆ. ಆಕೆಯ ಎಡಬೂಟು ಅಟ್ಟೆಯಿಂದ ಒಂದು ಬೆರಳು ಮೇಲೆ ಹರಿದಿದೆ. ಹರಿದುಹೋಗುವ ನೀರು ಅಲ್ಲಿಗೆ ಮುಟ್ಟುವುದಿಲ್ಲ, ನಿಂತ ನೀರು ಒಳಗೆ ನುಗ್ಗುತ್ತದೆ. ಅದಕ್ಕೇ ಆಕೆ ಅದನ್ನು ಹೊಲಿಸಿಲ್ಲ.

ಚರಂಡಿ ಕೊಳವೆ ಬದಲಿಸಿದ ಮೇಲೆ ಈ ಓಣಿಗೆ ಮತ್ತೆ ಕಲ್ಲು ಹಾಸಿದ್ದು ಲುಬೋಶ್. ಇದೇ ಅವರ ಕೊನೆಯ ಕೆಲಸ. ಒಂಬತ್ತಕ್ಕೆ ಅಧಿಕಾರಿ ಬಂದು ಒಪ್ಪಿ ಸಹಿ ಹಾಕಿದರೆ ನಾಳೆಯಿಂದ ವಿಶ್ರಾಂತಿ. ಹದಿನಾಲ್ಕನೇ ಮನೆಯ ಬಾಗಿಲಲ್ಲಿ ವ್ಲಾಸ್ತಾ ನಿಂತುಬಿಡುತ್ತಾರೆ.

“ಲುಬೋಶ್, ಒದ್ದೆ ಆಯ್ತು.”

“ತಮಾಷೆ ಬೇಡ ಕಣೇ.”

“ಚಳಿಯಲ್ಲಿ ಕಾಲು ನೆನೆಸ್ಕೊಂಡು ತಮಾಷೆ ಮಾಡ್ತಾರೇನಯ್ಯಾ?”

ಲುಬೋಶ್ ಬಗ್ಗಿ ಹೊಸ್ತಿಲ ಮೇಲೆ ಬೆರಳಾಡಿಸುತ್ತಾರೆ. ತಲೆಮಾರುಗಳ ಕಾಲು ಸವೆಸಿ ಹೊಸ್ತಿಲಿನ ನಡುವೆ ಹಳ್ಳ ಬಿದ್ದಿದೆ. ಕಲ್ಲಿನ ಎತ್ತರ ತೋರಿಸುವ ಮಟ್ಟದ ದಾರವನ್ನು ಹೊಸ್ತಿಲಿನ ಸವೆಯದ ಮೂಲೆಯಿಂದ ಕಟ್ಟಬೇಕಿತ್ತು, ಇವರು ತಗ್ಗಾದ ನಡುವಿನಿಂದ ಕಟ್ಟಿದ್ದಾರೆ; ಬಾಗಿಲ ಮುಂದಿನ ಕಲ್ಲುಗಳೂ ತಗ್ಗಿ ಕೂತು ನೀರು ನಿಂತಿದೆ. “ಹೊಸಬ ಆಗಿದ್ರೆ ಹೆದರ್ಕೊಂಡು ಮೂಲೆ ಹುಡುಕ್ತಿದ್ದ. ನಾನು ದೊಡ್ಡ ಮನುಷ್ಯ ನೋಡಿ!” ಎನ್ನುತ್ತಾರೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂಬ ಮಾತಿದೆ. ಇವರು ಎಡವಿದ್ದು ಕುಳಿತಲ್ಲೇ.

ಈ ಮನೆಯಲ್ಲಿರುವುದು ಎಂಬತ್ತೆಂಟರ ಪಾನಿ, ಅಂದರೆ ಶ್ರೀಮತಿ, ಹೆಡ್ವಿಕಾ. ದಿನಾ ಬೆಳಗ್ಗೆ ಕೋಲೂರಿಕೊಂಡು ಬ್ರೆಡ್ಡು ತರಲು ಹೊರಡುತ್ತಾರೆ. ಈ ವಾರವೇ ನೀರು ಹೆಪ್ಪುಗಟ್ಟುವ ಚಳಿ ಬರಲಿದೆ. ಬಾಗಿಲಲ್ಲಿ ನಿಂತ ನೀರು ಮಂಜುಗಡ್ಡೆಯಾದರೆ ಮುದುಕಿಯ ಸೊಂಟ ಉಳಿಯುವುದಿಲ್ಲ.

ಫೋನು ಮಾಡಿ ಹೇಳಿದರೆ ಮೇಸ್ತ್ರಿಯ ಬುದ್ಧಿವಾದವೇ ಬೇರೆ. “ಅಧಿಕಾರಿ ಬರೋ ಹೊತ್ತಲ್ಲಿ ಬೀದಿ ಕಿತ್ತಿದ್ರೆ ಕೆಲಸ ತಿರಸ್ಕಾರ ಆಗುತ್ತೆ. ನಿನ್ನ ಕೊನೇ ಕಾಗದದಲ್ಲಿ ಆ ಮಾತೇ ಉಳಿಯುತ್ತೆ. ಯಾರು ನೋಡ್ತಾರೆ ಮಾರಾಯ, ಸಹಿ ಹಾಕಿಸ್ಕೊಂಡು ಮನೆಗೆ ಹೋಗು.”

ಲುಬೋಶ್ ಒಂದು ಕ್ಷಣ ಹೆಂಡತಿಯ ಬೂಟು ನೋಡುತ್ತಾರೆ. ಆಮೇಲೆ ಹೆಗಲ ಚೀಲದಿಂದ ಸುತ್ತಿಗೆ ತೆಗೆಯುತ್ತಾರೆ.

ಒಂದೊಂದೇ ಕಲ್ಲು ಮೇಲೇಳುತ್ತದೆ. ವ್ಲಾಸ್ತಾ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದರಲ್ಲಿ ಕಲ್ಲು ಎತ್ತಿಕೊಡುತ್ತಾರೆ. ಸದ್ದಿಗೆ ಬಾಗಿಲು ತೆರೆದ ಹೆಡ್ವಿಕಾ ರೇಗುತ್ತಾರೆ: “ಮೊನ್ನೆ ತಾನೇ ಹಾಕಿದ್ರಿ, ಇವತ್ತು ಕೀಳ್ತಿದ್ದೀರಾ? ಇದೇನು ಸ್ವೆಟರ್ ಹೆಣಿಗೆ ಅಂದ್ಕೊಂಡ್ರಾ?”

“ತಪ್ಪು ನಂದೇ, ಪಾನಿ ಹೆಡ್ವಿಕಾ. ನೀವು ಜಾರಿಬಿಡ್ತಿದ್ರಿ.”

ಮುದುಕಿ ಒಳಗೆ ಹೋಗುತ್ತಾರೆ. ಬರುವಾಗ ಕೈಯಲ್ಲಿ ರಮ್ ಬೆರೆಸಿದ ಬಿಸಿ ಚಹಾ. “ನನ್ನ ಕಾಲಿನ ಬಗ್ಗೆ ಯೋಚಿಸೋರು ಇನ್ನೂ ಇದ್ದಾರಲ್ಲ,” ಎನ್ನುತ್ತಾ ಲೋಟ ಚಾಚುತ್ತಾರೆ. ಅಷ್ಟರಲ್ಲಿ ಪ್ರವಾಸಿ ಜೋಡಿಯೊಂದು ಇವರನ್ನು ಬಳಸಿಕೊಂಡು ಹೋಗಿ, ಕೋಟೆಯ ಫೋಟೋ ತೆಗೆದುಕೊಳ್ಳುತ್ತದೆ. ಈ ಊರಿನ ಮಳೆಯಲ್ಲಿ ಜಾರದೆ ಮನೆ ಸೇರಿದ ನಾವೆಲ್ಲರೂ ಲುಬೋಶ್ ಅವರಿಗೆ ಋಣಿಗಳು. ಒಮ್ಮೆಯಾದರೂ ಅದನ್ನು ಹೇಳಬೇಕು.

ಅಧಿಕಾರಿ ಬಂದಾಗ ಇನ್ನೂ ಮೂರು ಕಲ್ಲು ಬಾಕಿ. “ಏನಿದು?”

“ನೀರು ನಿಂತಿತ್ತು, ಕಿತ್ತೆ.”

“ನಿಂತಿತ್ತು ಅಂದೋರು ಯಾರು?”

ಲುಬೋಶ್ ಹೆಂಡತಿಯ ಕಾಲಿನತ್ತ ಕೈ ತೋರಿಸುತ್ತಾರೆ. ಅಧಿಕಾರಿ ಕೊಡೆ ಬಿಚ್ಚಿಕೊಂಡು ಗೋಡೆಗೊರಗಿ ಕಾಯುತ್ತಾರೆ.

ಕೊನೆಯ ಕಲ್ಲು ಕೂತ ಮೇಲೆ ವ್ಲಾಸ್ತಾ ಒಣ ಕಾಲುಚೀಲ ಹಾಕಿಕೊಂಡು, ಬೂಟಿನ ಒಳಗೆ ಕಾಗದ ತುರುಕಿ ಒರೆಸಿ, ಮೆಟ್ಟಿ ಹೊಸ್ತಿಲ ಮುಂದೆ ನಿಲ್ಲುತ್ತಾರೆ. ಮಳೆ ಸುರಿಯುತ್ತಲೇ ಇದೆ. ಕಾಲು ಗಂಟೆಯಾದ ಮೇಲೆ ಬೂಟು ಕಳಚಿ, ಕಾಲುಚೀಲವನ್ನು ಅಧಿಕಾರಿಯ ಮೂಗಿನ ಹತ್ತಿರವೇ ಹಿಡಿಯುತ್ತಾರೆ. “ಮುಟ್ಟಿ ನೋಡಿ ಸ್ವಾಮಿ.” ಅವರು ನಗುತ್ತಾ ಒಂದು ಹೆಜ್ಜೆ ಹಿಂದೆ ಸರಿದು ಸಹಿ ಹಾಕುತ್ತಾರೆ.

ನಾಳೆಯಿಂದ ಏನು ಮಾಡುತ್ತೀರಿ ಎಂದು ಕೇಳಿದರೆ ಲುಬೋಶ್ ಮಂಡಿ ಒತ್ತಿಕೊಳ್ಳುತ್ತಾರೆ.

“ಮಳೆ ಬಂದ್ರೆ ಇವಳ ಜೊತೆ ಇದೇ ದಾರೀಲಿ ನಡೀಬೇಕು, ಒಂದ್ಸಲ ತಲೆ ಎತ್ಕೊಂಡು. ಮೇಲೆ ಕೋಟೆ ತುಂಬಾ ಚೆನ್ನಾಗಿದೆಯಂತೆ.”