ಹಳದಿ ಪಟ್ಟಿ, ಕೆಂಪು ಪಟ್ಟಿ

“ಈ ಹಳದಿ ಪಟ್ಟಿ ಸಹವಾಸ ಸಾಕು. ಇನ್ನು ಕೆಂಪಿಗೆ ಹೋಗ್ತೀನಿ,” ಎಂದು ನನ್ನ ಗಂಡ ಬೆಳಿಗ್ಗೆ ಹಲ್ಲುಜ್ಜುತ್ತಾ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಬೇರೆ ಹೆಂಗಸನ್ನು ಕಟ್ಟಿಕೊಂಡೆ ಎಂದಿದ್ದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಜಗಳವಾಡಿ ಬಗೆಹರಿಸಿಕೊಳ್ಳಬಹುದಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಫೋಟೋಗ್ರಾಫರುಗಳಲ್ಲಿ ಎರಡು ಪಂಗಡ. ಕೊರಳಿಗೆ ಹಾಕುವ ಪಟ್ಟಿ ಒಂದು ಕಂಪನಿಯ ಕ್ಯಾಮೆರಾಕ್ಕೆ ಹಳದಿ, ಇನ್ನೊಂದರದಕ್ಕೆ ಕೆಂಪು. ಇದರ ಲೆನ್ಸು ಅದಕ್ಕೆ ಕೂರುವುದಿಲ್ಲ, ಅದರದು ಇದಕ್ಕೆ ಕೂರುವುದಿಲ್ಲ. ಹಾಗಾಗಿ ಒಮ್ಮೆ ಒಂದು ಕಡೆ ಸೇರಿದವನು ಸಾಯುವವರೆಗೂ ಅಲ್ಲೇ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ನಮ್ಮವರಂತೂ ಮದುವೆಮನೆಯಲ್ಲಿ ಕೆಂಪು ಪಟ್ಟಿಯವನು ಪಕ್ಕಕ್ಕೆ ಬಂದರೆ ಮೊಣಕೈ ಅಗಲಿಸಿ ನಿಲ್ಲುವ ಪೈಕಿ. ಅಂಥವರು ಈಗ ಬೀರು ತುಂಬ ಇರುವ ಲೆನ್ಸುಗಳನ್ನೆಲ್ಲ ಮಾರಿ ಆ ಕಡೆ ಹಾರುತ್ತೇನೆ ಎನ್ನುತ್ತಿದ್ದರು.

ನಮ್ಮದು ಎರಡು ಕೋಣೆಯ ಸ್ಟುಡಿಯೋ. ಮುಂದಿನದರಲ್ಲಿ ಅವರು ಫೋಟೋ ತೆಗೆಯುತ್ತಾರೆ, ಹಿಂದಿನದರಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತು ಜನರ ಮೊಡವೆ ಅಳಿಸುತ್ತೇನೆ. ನಾನು ಮೊಟ್ಟಮೊದಲು ಅಲ್ಲಿಗೆ ಹೋದದ್ದು ಗಿರಾಕಿಯಾಗಿ. ಈ ಮನುಷ್ಯ ಕ್ಯಾಮೆರಾ ಕೈಗೆತ್ತಿಕೊಂಡವರೇ, ಅದನ್ನು ಮುಖಕ್ಕೆ ತರುವ ಮೊದಲೇ ಎಡಗಣ್ಣು ಮುಚ್ಚಿದರು. ಕಣ್ಣು ಹೊಡೆದರೆಂದು ತಿಳಿದು ಚೆನ್ನಾಗಿ ಉಗಿದೆ. ಅದು ಕಸುಬಿನ ಚಾಳಿ ಎಂದು ಆಮೇಲೆ ಗೊತ್ತಾಯಿತು. ಬೀದಿಯ ಮಕ್ಕಳೆಲ್ಲ ಇವತ್ತಿಗೂ ಇವರನ್ನು ಕರೆಯುವುದು ‘ಕಣ್ಣು ಹೊಡಿಯೋ ಮಾಮ’ ಎಂದೇ.

ಒಂದು ವರ್ಷದಿಂದ ಚಿತ್ರಗಳು ಕೆಡುತ್ತಿದ್ದವು. ಮದುಮಗಳ ಮುಖ ಮಬ್ಬು, ಅವಳ ಹಿಂದೆ ನಿಂತ ಚಿಕ್ಕಪ್ಪನ ಅಂಗಿಯ ಗುಂಡಿ ಮಾತ್ರ ನಿಚ್ಚಳ. ಫೋಕಸ್ಸನ್ನು ಕ್ಯಾಮೆರಾಕ್ಕೇ ಬಿಡಿ ಎಂದರೆ ಕೇಳುತ್ತಿರಲಿಲ್ಲ. “ಎಲ್ಲಾ ಅದೇ ಮಾಡೋದಾದ್ರೆ ನಾನ್ಯಾಕೆ, ದಂಡಕ್ಕಾ?” ಎಂದು ಲೆನ್ಸಿನ ಬಳೆಯನ್ನು ಕೈಯಲ್ಲೇ ತಿರುಗಿಸುವ ಮೊಂಡ. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಸ್ಟುಡಿಯೋದ ದಾರಿ ಹಿಡಿದರು. ಇನ್ನೊಂದು ವರ್ಷ ಹೀಗೇ ನಡೆದರೆ ಸ್ಟುಡಿಯೋ ಬಾಗಿಲು ಹಾಕಬೇಕಾಗುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ಯಾರು? ಹಳದಿ ಪಟ್ಟಿ!

ಕ್ಯಾಮೆರಾ ಅಂಗಡಿಗೆ ನಾನೂ ಹೋದೆ. ಲೆನ್ಸು ಮಾರುವ ಮಾತು ಬಂದಾಗ ಅಡ್ಡ ಬರಬೇಕಲ್ಲ, ಅದಕ್ಕೆ. ಅಂಗಡಿಯ ಹುಡುಗಿ ಗಾಜಿನ ಮೇಜಿನ ಮೇಲೆ ಎರಡೂ ಕಂಪನಿಯ ಹೊಸ ಕ್ಯಾಮೆರಾಗಳನ್ನು ಇಟ್ಟಳು. ಇವರು ಕೆಂಪು ಪಟ್ಟಿಯದನ್ನು ಎತ್ತಿ, ಎಡಗಣ್ಣು ಮುಚ್ಚಿ, ಅಂಗಡಿಯ ಬಾಗಿಲಿನ ಕಡೆ ಹಿಡಿದರು.

“ಏನಮ್ಮಾ ಇದು, ಬಾಗಿಲಿನ ಚೌಕಟ್ಟು ಡೊಂಕು ಕಾಣ್ತಿದೆ? ನಡುವೆ ಕಲೆ ಬೇರೆ.”

ಅವಳು ಒರೆಸಿ ಕೊಟ್ಟಳು. ಲೆನ್ಸು ಬದಲಿಸಿ ಕೊಟ್ಟಳು. ಆಗಲೂ ಡೊಂಕೇ. ಮನಸ್ಸಿಲ್ಲದ ಮನಸ್ಸಿನಿಂದ ಹಳದಿ ಪಟ್ಟಿಯ ಹೊಸದನ್ನು ಎತ್ತಿ ನೋಡಿದರು. ಅದರಲ್ಲೂ ಅದೇ ಡೊಂಕು, ಅದೇ ಕಲೆ.

“ನೋಡಿದ್ಯಾ? ಎರಡು ಕಂಪನಿಯವರೂ ಕೆಟ್ಟೋಗಿದ್ದಾರೆ,” ಎಂದು ನನ್ನ ಕಡೆ ತಿರುಗಿದರು.

ನಾನು ಕಿತ್ತುಕೊಂಡು ನೋಡಿದೆ. ಬಾಗಿಲು ಗುಂಡುಸೂಜಿಯಷ್ಟು ನೆಟ್ಟಗಿತ್ತು. “ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ,” ಎಂದೆ. ಹುಡುಗಿ ಕಿಸಕ್ಕೆಂದಳು. ಪಕ್ಕದಲ್ಲಿ ಬ್ಯಾಟರಿ ಕೊಳ್ಳುತ್ತಿದ್ದವನೂ ನಕ್ಕ. ಪಾಪ, ಇವರೂ ನಕ್ಕರು. ಅದರಿಂದ ನನಗೆ ಇನ್ನಷ್ಟು ಹುಮ್ಮಸ್ಸು ಬಂತು.

“ಆ ಕಣ್ಣಿಗೂ ಸ್ವಲ್ಪ ಕೆಲಸ ಕೊಡ್ರೀ. ಇಷ್ಟು ವರ್ಷ ಮಲಗಿಸಿ ಸಾಕಿದ್ದೀರಲ್ಲ.”

ನಗುತ್ತಲೇ ಕ್ಯಾಮೆರಾವನ್ನು ಎಡಗಣ್ಣಿಗೆ ಒತ್ತಿದರು. ಅಭ್ಯಾಸವಿಲ್ಲದ್ದಕ್ಕೆ ಮೂಗು ಹಿಂಬದಿಯ ಪರದೆಗೆ ಅಂಟಿಕೊಂಡಿತು. ನಗು ನಿಂತಿತು. ಬಹಳ ಹೊತ್ತು ಕೆಳಗಿಳಿಸಲೇ ಇಲ್ಲ.

“ನೆಟ್ಟಗಿದೆ,” ಎಂದರು.

ಕ್ಯಾಮೆರಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು. ಎದುರಿಗಿದ್ದ ನನ್ನನ್ನು ಹುಡುಕುವವರ ಹಾಗೆ ತಲೆಯನ್ನು ಅತ್ತ ಇತ್ತ ಆಡಿಸಿದರು.

“ಲೇ, ಅಲ್ಲೇ ಇದ್ದೀಯಾ?”

“ಇಲ್ಲೇ ಇದ್ದೀನಲ್ರೀ. ಏನಾಯ್ತು?”

“ನಿನ್ನ ಕೂದಲು ಕಾಣ್ತಿದೆ. ಕಿವಿ ಓಲೆ ಕಾಣ್ತಿದೆ. ಮುಖ ಇಲ್ಲ.”

ಹುಚ್ಚಿಯ ಹಾಗೆ ನನ್ನ ಮುಖವನ್ನು ನಾನೇ ಮುಟ್ಟಿ ನೋಡಿಕೊಂಡೆ. ಬೆಳಿಗ್ಗೆ ಪೇಪರ್ ಓದಿದ್ದರು. ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಈ ಗಿಜಿಗುಡುವ ರಸ್ತೆಯಲ್ಲಿ ಬಂದಿದ್ದರು. ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣೊಂದೇ ಎಲ್ಲವನ್ನೂ ಹೊತ್ತುಕೊಂಡು ನಡೆದಿತ್ತು. ಬಲಗಣ್ಣು ಒಂಟಿಯಾಗುತ್ತಿದ್ದುದು ಕ್ಯಾಮೆರಾದ ಮುಂದೆ ಮಾತ್ರ, ಆಗ ಬೈಗುಳವೆಲ್ಲ ಕ್ಯಾಮೆರಾಕ್ಕೆ ಬೀಳುತ್ತಿತ್ತು.

“ಸರ್, ನೀರು ಕೊಡ್ಲಾ?” ಎಂದಳು ಹುಡುಗಿ. ಯಾವ ಪಟ್ಟಿಯದು ಬೇಕೆಂದು ಅವಳು ಆಮೇಲೆ ಕೇಳಲಿಲ್ಲ. ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹಿಡಿದು ಕಣ್ಣಾಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಔಷಧಿ ಹನಿ ಹಾಕಿ, ಕಾಯಿಸಿ, ಯಂತ್ರಕ್ಕೆ ಗಲ್ಲ ಒರಗಿಸಿ ನೋಡಿದರು. ಮತ್ತೆ ನೋಡಿದರು. ನಾನು ಮನಸ್ಸಿನಲ್ಲೇ ಪೊರೆ ಇರಲಿ, ಬರೀ ಪೊರೆ ಇರಲಿ ಎಂದುಕೊಳ್ಳುತ್ತಿದ್ದೆ.

“ಬಲಗಣ್ಣಿನ ಒಳಪರದೆಯ ನಟ್ಟನಡುವೆ ತೂತು ಬಿದ್ದಿದೆ. ಶುರುವಿನಲ್ಲೇ ಬಂದಿದ್ರೆ ಆಪರೇಷನ್ ಮಾಡಿ ಬಹಳಷ್ಟು ನೋಟ ಉಳಿಸಬಹುದಿತ್ತು. ಈಗ ಮಾಡಿದ್ರೂ ಮೊದಲಿನ ಹಾಗೆ ಕಾಣೋದು ಕಷ್ಟ. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ.”

“ನಾನು ಫೋಟೋಗ್ರಾಫರ್, ಮೇಡಂ,” ಎಂದರು ಇವರು. ಅದನ್ನು ಹೇಳಿದರೆ ಅವರು ತೀರ್ಪು ಬದಲಿಸಬಹುದು ಎನ್ನುವ ಹಾಗೆ.

ಡಾಕ್ಟರಮ್ಮನಿಗೆ ಸಿಟ್ಟೇ ಬಂತು. “ಕಣ್ಣಿಂದಲೇ ಬದುಕೋರು, ಒಂದು ವರ್ಷ ಯಾರಿಗೂ ತೋರಿಸದೆ ಇದ್ರಾ?”

“ತೋರಿಸಿದ್ದೆ ಮೇಡಂ. ಒಂದಲ್ಲ, ಮೂರು ಸಲ ತೋರಿಸಿದ್ದೆ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನಗೆ ಒಂದು ಮಾತೂ ಹೇಳದೆ ಹೋಗಿದ್ದರೇ? ಮೂರು ಸಲ ನೋಡಿಯೂ ಕಂಡುಹಿಡಿಯದ ಆ ಮಹಾನುಭಾವ ಯಾರು? “ಯಾವ ಡಾಕ್ಟರಿಗ್ರೀ? ಏನಂದ ಅವನು?”

ಔಷಧಿಗೆ ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕರ್ಚೀಫಿನಿಂದ ಒತ್ತಿಕೊಂಡರು.

“ಕ್ಯಾಮೆರಾ ರಿಪೇರಿಯವನಿಗೆ,” ಎಂದರು. “ಏನೂ ದೋಷ ಇಲ್ಲ ಅಂದ.”